ಆರನೇ ತರಗತಿ ಅಳೆದು ಬರೆದ ಊರು

ಉತ್ತರ ದಿಕ್ಕು ಎಲ್ಲಿದೆ ಎಂದು ಕೇಳಿದೆ. ಇಡೀ ಆರನೇ ತರಗತಿ ಒಟ್ಟಿಗೆ ಕೈ ಎತ್ತಿ ಮೇಲೆ, ಹೆಂಚಿನ ಸೂರಿನ ಕಡೆಗೆ ತೋರಿಸಿತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖಗಳಲ್ಲಿ ತಮಾಷೆಯ ಸುಳಿವಿರಲಿಲ್ಲ. ಪಠ್ಯಪುಸ್ತಕದ ನಕ್ಷೆಗಳಲ್ಲಿ ಉತ್ತರ ಯಾವಾಗಲೂ ಹಾಳೆಯ ಮೇಲ್ತುದಿಯಲ್ಲಿರುತ್ತದೆ. ಆದ್ದರಿಂದ ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ, ನೆಲದೊಳಗೆ.

"ಹಂಗಾದ್ರ ಹೊಸಪೇಟಿ ಎಲ್ಲೈತಿ?" ಎಂದೆ.

"ಆ ಕಡೆ ಐತ್ರಿ ಟೀಚರ್, ನಿಮ್ಮ ಬಸ್ ಬರೋ ಕಡೆ" ಎಂದು ಎಲ್ಲರೂ ಕಿಟಕಿಯ ಕಡೆಗೆ ಸರಿಯಾಗಿ ತೋರಿಸಿದರು. ಹೊಸಪೇಟೆ ಗೊತ್ತಿತ್ತು. ಉತ್ತರ ಎಂಬ ಮಾತೂ ಗೊತ್ತಿತ್ತು. ಎರಡಕ್ಕೂ ಸಂಬಂಧವಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಸಂಡೂರು ತಾಲ್ಲೂಕಿನಲ್ಲಿ, ಬಂಡ್ರಿಗೆ ಹೋಗುವ ದಾರಿಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಅದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಅದಿರಿನ ಭರಾಟೆ ಏರುತ್ತಿದ್ದ ಕಾಲ. ನಾನು ಹೊಸಪೇಟೆಯಿಂದ ದಿನಾ ಹೋಗಿ ಬರುತ್ತಿದ್ದೆ. ಲಾರಿಗಳ ಸಾಲಿನ ಹಿಂದೆ ಬಸ್ಸು ತೆವಳುತ್ತಿತ್ತು. ಶಾಲೆ ಮುಟ್ಟುವಷ್ಟರಲ್ಲಿ ಸೀರೆಯ ಅಂಚು, ಊಟದ ಡಬ್ಬಿಯ ಮುಚ್ಚಳ, ಕಣ್ಣರೆಪ್ಪೆ ಎಲ್ಲವೂ ಕೆಂಪು. ಒದ್ದೆ ಬಟ್ಟೆಯಿಂದ ಕಪ್ಪು ಹಲಗೆ ಒರೆಸದೆ ಪಾಠ ಶುರು ಮಾಡುವಂತಿರಲಿಲ್ಲ.

ಹೆಡ್ ಮಾಸ್ತರರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಯಾರ ತಂಟೆಗೂ ಹೋಗದ, ಮಿತಭಾಷಿ ಮನುಷ್ಯ. "ಪ್ರಶ್ನೋತ್ತರ ಬರಸ್ರಿ ಮೇಡಂ, ಬಾಯಿಪಾಠ ಮಾಡಸ್ರಿ. ಸಮಾಜ ವಿಜ್ಞಾನಕ್ಕ ಅಷ್ಟಾದ್ರ ಸಾಕು" ಎಂದು ಮೊದಲೇ ಹೇಳಿದ್ದರು. ಪಾಲಕರಿಗೆ ಅಷ್ಟೂ ಬೇಕಿರಲಿಲ್ಲ. ಒಬ್ಬ ತಂದೆ ನನ್ನನ್ನೇ ನಿಲ್ಲಿಸಿ ಕೇಳಿದ್ದ: "ಲೆಕ್ಕ ಬಂದ್ರ ಲೋಡಿನ ಲೆಕ್ಕ ಬರೀತಾನ. ಇಂಗ್ಲಿಷ್ ಬಂದ್ರ ಆಫೀಸ್‌ನ್ಯಾಗ ಕುಂದರ್ತಾನ. ಸಮಾಜ ಓದಿ ಏನ್ ಮಾಡ್ತಾನ್ರಿ ಟೀಚರ್?"

ನಕ್ಷೆಯ ಪಾಠವನ್ನು ಪುಸ್ತಕ ಮುಚ್ಚಿಟ್ಟು ಅಂಗಳದಿಂದ ಶುರು ಮಾಡಿದೆ. ನಡುವೆ ಒಂದು ಕೋಲು ನೆಟ್ಟೆವು. ಮಧ್ಯಾಹ್ನ ನೆರಳು ಅತಿ ಗಿಡ್ಡವಾದಾಗ ಅದು ಉತ್ತರಕ್ಕೆ ಬೀಳುತ್ತದೆ ಎಂದು ಎಲ್ಲೋ ಓದಿದ್ದೆ, ಹಾಗೆಯೇ ಹೇಳಿದೆ; ಹೊಸಪೇಟೆ ಇರುವುದೂ ಉತ್ತರಕ್ಕೇ ಎಂದೆ. ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದುಕೊಂಡೇ ಸುತ್ತ ಕುಳಿತು ಕಾದರು. ಜುಲೈ ತಿಂಗಳು, ಮೋಡ ಬಂದು ಹೋಗಿ ಮಾಡುತ್ತಿತ್ತು. ಬಿಸಿಲು ಬಿದ್ದಾಗ ನೋಡಿದರೆ ನೆರಳು ಕೋಲಿನ ಬುಡದಲ್ಲಿ ಒಂದು ಗೇಣೂ ಇರಲಿಲ್ಲ. ಇದ್ದಷ್ಟೂ ಹೊಸಪೇಟೆಗೆ ಬೆನ್ನು ಮಾಡಿ ಬಿದ್ದಿತ್ತು.

"ಟೀಚರ್, ಹೊಸಪೇಟಿ ಉತ್ತರಕ್ಕೈತಿ ಅಂದ್ರಿ. ನೆಳ್ಳು ಬಂಡ್ರಿ ಕಡೆ ಬಿದ್ದೈತಲ್ರಿ?" ಎಂದಳು ತರಗತಿಯ ಲೀಡರ್. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಮಗಳು ಅವಳು. ಎರಡು ಜಡೆ, ಚುರುಕು ನಾಲಿಗೆ, ಒಪ್ಪಿಗೆಯಾಗದ ಮಾತನ್ನು ಹಾಗೇ ಬಿಡುವವಳಲ್ಲ.

ಕೋಲು ಓರೆಯಾಗಿದೆ ಎಂದು ಕಿತ್ತು ಮತ್ತೆ ನೆಟ್ಟೆವು. ಮರುದಿನವೂ ನೆರಳು ಬಂಡ್ರಿಯ ಕಡೆಗೇ. ಆ ವಾರ ಸಂಡೂರಿನಲ್ಲಿ ನಡೆದ ತರಬೇತಿಯಲ್ಲಿ, ಕಂಪ್ಲಿಯ ಕಡೆಯಿಂದ ವರ್ಗವಾಗಿ ಬಂದಿದ್ದ ವಿಜ್ಞಾನದ ಮೇಷ್ಟ್ರೊಬ್ಬರ ಮುಂದೆ ಈ ಗೋಳು ಹೇಳಿಕೊಂಡೆ. ಅವರು ನಕ್ಕರು. "ನಾವು ಕರ್ಕಾಟಕ ವೃತ್ತದ ಕೆಳಗ ಅದೀವ್ರಿ ಮೇಡಂ. ಮೇ ತಿಂಗಳಿಂದ ಆಗಸ್ಟ್‌ತನಕ ನಡುಮಧ್ಯಾಹ್ನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕ ಇರ್ತಾನ. ನೆರಳು ದಕ್ಷಿಣಕ್ಕ ಬೀಳಬೇಕು, ಬಿದ್ದೈತಿ. ನಿಮ್ಮ ಮಕ್ಕಳು ಸರಿಯಾಗೇ ನೋಡ್ಯಾರ." ಎಲ್ಲ ತಿಂಗಳಿಗೂ ನಡೆಯುವ ಒಂದು ಉಪಾಯವನ್ನೂ ಅವರು ಹೇಳಿಕೊಟ್ಟರು. ಕೋಲಿನ ಬುಡಕ್ಕೆ ದಾರ ಕಟ್ಟಿ ಸುತ್ತ ಒಂದು ವೃತ್ತ ಎಳೆಯಬೇಕು. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಜಾಗಕ್ಕೆ ಒಂದು ಕಲ್ಲು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟುವ ಜಾಗಕ್ಕೆ ಇನ್ನೊಂದು. ಎರಡು ಕಲ್ಲು ಸೇರಿಸಿ ಗೆರೆ ಎಳೆದರೆ ಅದೇ ಪೂರ್ವ-ಪಶ್ಚಿಮ.

ಹಾಗೇ ಮಾಡಿದೆವು. ಆ ಗೆರೆಗೆ ಅಡ್ಡವಾಗಿ ಸುಣ್ಣದಲ್ಲಿ ಇನ್ನೊಂದು ಗೆರೆ ಎಳೆದಾಗ ಅದು ಹೊಸಪೇಟೆಯ ಕಡೆಗೆ ಮುಖ ಮಾಡಿತು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಆ ಗೆರೆಯ ಮೇಲೆ ನಿಂತು ಇಳಿದರು. ಉತ್ತರ ಸೂರಿನಿಂದ ನೆಲಕ್ಕೆ ಬಂದಿತ್ತು.

ಊರಿನ ನಕ್ಷೆ ಮಾಡೋಣ ಎಂದು ಹೊರಟಾಗ ಎಲ್ಲರೂ ಮನೆಯನ್ನು ಬಾಗಿಲು, ಕಿಟಕಿ, ಮುಂದೊಂದು ಎಮ್ಮೆ ಸಮೇತ ಬರೆದು ತಂದರು. ಮೇಲಿನಿಂದ ನೋಡುವುದು ಹೇಗೆ ಎಂದು ತಿಳಿಸಲು ಸೀಮೆಸುಣ್ಣದ ಡಬ್ಬಿಯನ್ನು ನೆಲದ ಮೇಲಿಟ್ಟು ಒಬ್ಬೊಬ್ಬರನ್ನೇ ಬೆಂಚಿನ ಮೇಲೆ ಹತ್ತಿಸಿದೆ. "ಬರೇ ಮುಚ್ಚಳ ಕಾಣತೈತ್ರಿ" ಎಂದರು. ಅಷ್ಟು ಸಾಕಿತ್ತು. ಅಳತೆಗೆ ಮೊದಲು ಹೆಜ್ಜೆಗಳನ್ನು ಎಣಿಸಿದೆವು. ಉದ್ದ ಕಾಲಿನವರ ಬೀದಿ ಗಿಡ್ಡವಾಯಿತು, ಗಿಡ್ಡ ಕಾಲಿನವರ ಬೀದಿ ಉದ್ದವಾಯಿತು. ಜಗಳ ಹತ್ತಿತು. ಕಡೆಗೆ ಲಾರಿ ಡ್ರೈವರ್ ಒಬ್ಬರ ಮಗ ತಾಡಪತ್ರಿ ಕಟ್ಟುವ ನೈಲಾನ್ ಹಗ್ಗ ತಂದ. ಅದಕ್ಕೆ ಮೀಟರಿಗೊಂದು ಕೆಂಪು ಚಿಂದಿ ಕಟ್ಟಿದೆವು. ಒಂದು ಹಗ್ಗ ನೆಲಕ್ಕೆ ನಕ್ಷೆಯಲ್ಲಿ ಒಂದು ಗೇಣು ಎಂದು ಗೊತ್ತು ಮಾಡಿಕೊಂಡೆವು. ಓಣಿಗೊಂದು ಗುಂಪು ಮಾಡಿದೆ. ಗುಡಿ, ಮಸೀದಿ, ಬೋರ್‌ವೆಲ್, ಹಿಟ್ಟಿನ ಗಿರಣಿ ಒಂದೊಂದಕ್ಕೂ ಒಂದು ಗುರುತು. ಡ್ರಾಯಿಂಗ್ ಶೀಟುಗಳನ್ನು ಮೈದಾ ಅಂಟಿನಿಂದ ಜೋಡಿಸಿ ನೆಲದ ಮೇಲೆ ಹರಡಿ ಬರೆದರು. ಊದಿ ಧೂಳು ಹಾರಿಸುವುದು, ಬರೆಯುವುದು, ಮತ್ತೆ ಊದುವುದು.

ಆಗಸ್ಟ್ ಮುಗಿಯುವ ಹೊತ್ತಿಗೆ ನಕ್ಷೆ ಗೋಡೆಗೇರಿತು. ಹೆಡ್ ಮಾಸ್ತರರು ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. "ಛಲೋ ಮಾಡ್ಯಾರ್ರಿ. ಪಾಲಕರ ಸಭೆ ದಿನ ತೋರಿಸೋಣ" ಎಂದರು. ಅವರು ಅಷ್ಟು ಮಾತಾಡಿದ್ದೇ ಹೆಚ್ಚು.

ತೊಡಕು ಬಂದದ್ದು ಆಮೇಲೆ. ಎಲ್ಲರೂ ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯ ಚೌಕದಲ್ಲಿ ಹೆಸರು ಬರೆಯಿರಿ ಎಂದೆ. ನೂಕುನುಗ್ಗಲಾಯಿತು. ಬಾಗಿಲ ಬಳಿ ಕುಳಿತಿದ್ದ ನಾಲ್ಕೈದು ಮಕ್ಕಳು ಮಾತ್ರ ಏಳಲಿಲ್ಲ. ಅವರು ಶೆಡ್ಡಿನ ಮಕ್ಕಳು. ಊರಾಚೆ ಗುಡ್ಡದ ಕಡೆ, ಗಣಿ ಕೆಲಸಕ್ಕೆ ಬಂದ ಸಂಸಾರಗಳು ತಗಡು, ತಾಡಪತ್ರಿ ಹೊದಿಸಿದ ಶೆಡ್ಡುಗಳಲ್ಲಿದ್ದವು. ಅವರಲ್ಲಿ ಒಬ್ಬ ಹುಡುಗಿ, ರಾಯಚೂರು ಜಿಲ್ಲೆಯಿಂದ ಬಂದವಳು, ಉತ್ತರದ ಗೆರೆ ಎಳೆಯುವಾಗ ದಿನವಿಡೀ ನೆರಳು ಕಾದವಳು. ಅವಳು ಕುಳಿತಲ್ಲಿಂದಲೇ ನಕ್ಷೆಯ ಅಂಚನ್ನು ನೋಡುತ್ತಿದ್ದಳು. ನಕ್ಷೆ ಊರಿನ ಕೊನೆಯ ಮನೆಗೆ ಮುಗಿದಿತ್ತು. ಅದರಾಚೆ ಶೀಟೇ ಇರಲಿಲ್ಲ.

"ಆ ಕಡೆ ಶೆಡ್ ಯಾಕ ಬರೀಲಿಲ್ಲ?" ಎಂದೆ.

ಅಧ್ಯಕ್ಷರ ಮಗಳು ಸಹಜವಾಗಿ ಹೇಳಿದಳು: "ಅವರು ನಮ್ಮೂರವರಲ್ರಿ ಟೀಚರ್. ದುಡಿಯಾಕ ಬಂದಾರ, ಹೋಗ್ತಾರ."

ಅದರಲ್ಲಿ ಕೆಟ್ಟತನವಿರಲಿಲ್ಲ. ಮನೆಯಲ್ಲಿ ಕೇಳಿದ್ದನ್ನು ಹೇಳಿದ್ದಳು, ಅಷ್ಟೆ. ಮರುದಿನ ಶೆಡ್ಡಿನ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. "ಅವ್ವನ ಕೂಡ ಕಲ್ಲು ಆರಿಸಾಕ ಹೊಂಟಾಳ್ರಿ" ಎಂದು ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ತಿಳಿಸಿದಳು. ಅದಿರಿನ ಗುಡ್ಡೆಯಲ್ಲಿ ಒಳ್ಳೆಯ ಕಲ್ಲು ಬೇರೆ ಮಾಡುವ ಕೆಲಸ ಅದು. ಒಮ್ಮೆ ಅಲ್ಲಿಗೆ ಹೋದ ಮಕ್ಕಳು ತರಗತಿಗೆ ಮರಳಿದ್ದು ಕಡಿಮೆ.

ಹೆಡ್ ಮಾಸ್ತರರ ಕೋಣೆಗೆ ಹೋಗಿ, ನಕ್ಷೆ ಇಳಿಸಿ ಮತ್ತೆ ಮಾಡಿಸುತ್ತೇನೆ ಎಂದೆ. ಅವರು ಪೆನ್ನು ಮುಚ್ಚಿಟ್ಟರು.

"ಕುಂದ್ರಿ ಮೇಡಂ. ಆ ಶೆಡ್ ಇರೋ ಜಾಗ ಅಧ್ಯಕ್ಷರದು, ಗೊತ್ತೇನ್ರಿ? ಮೇಸ್ತ್ರಿಗೆ ಬಾಡಿಗಿ ಕೊಟ್ಟಾರ. ಪಂಚಾಯ್ತಿ ದಾಖಲೆದಾಗ ಅಲ್ಲಿ ಬರೇ ಹೊಲ ಐತಿ. ನಾವು ಸಭೆದಾಗ ಅಲ್ಲಿ ಮನಿ ಅದಾವ ಅಂತ ತೋರಿಸಿದ್ರ ಏನ್ ತಿಳ್ಕೊಂತಾರೋ. ಸುಮ್ನ ಯಾಕ?"

"ಆ ಹುಡುಗಿ ಬರವಲ್ಲಳು ಸರ್."

ಅವರು ಮತ್ತೆ ಪೆನ್ನು ತೆಗೆದು ಬರೆಯತೊಡಗಿದರು. ಒಪ್ಪಿಗೆಯನ್ನೂ ಕೊಡಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಬಸ್ಸಿನಲ್ಲಿ ಹೊಸಪೇಟೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಾನೇ ಶೆಡ್ಡುಗಳನ್ನು ಸೇರಿಸಿ ಬರೆದುಬಿಡಬಹುದಿತ್ತು. ಟೀಚರ್ ಹೇಳಿದ್ದಕ್ಕೆ ಮಕ್ಕಳು ಸುಮ್ಮನಿರುತ್ತಿದ್ದರು. ಆದರೆ ಅದು ನನ್ನ ನಕ್ಷೆಯಾಗುತ್ತಿತ್ತು. ಪೌರನೀತಿಯ ಪಾಠ ಹೇಗೂ ಮುಂದೆ ಇತ್ತು. ಅದನ್ನು ಈಗಲೇ ತೆಗೆದುಕೊಳ್ಳಬೇಕು, ತೀರ್ಮಾನ ಅವರಿಗೇ ಬಿಡಬೇಕು ಎಂದು ಬಸ್ಸು ಇಳಿಯುವಾಗ ನಿಶ್ಚಯಿಸಿದ್ದೆ. ಅವರು ಶೆಡ್ಡು ಬೇಡವೆಂದರೆ ಏನು ಮಾಡುವುದು ಎಂಬ ಭಯವಿತ್ತು.

ಮರುದಿನ ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದೆ: ಊರಿನವರು ಅಂದರೆ ಯಾರು?

"ಇಲ್ಲೇ ಹುಟ್ಟಿದವರು" ಎಂದು ಮೊದಲ ಉತ್ತರ.

"ಹಂಗಾದ್ರ ನಮ್ಮಜ್ಜಿ ಮಲಪನಗುಡಿಯಾಗ ಹುಟ್ಯಾಳ. ಅಕಿ ನಮ್ಮೂರಾಕಿ ಅಲ್ಲೇನ್?" ಎಂದು ಇನ್ನೊಬ್ಬ.

"ಇಲ್ಲಿ ಹೊಲ ಮನಿ ಇದ್ದವರು."

"ನಮಗ ಹೊಲ ಇಲ್ಲ" ಎಂದ ಲಾರಿ ಡ್ರೈವರನ ಮಗ. ಅವನ ಮುಖ ಕೆಂಪಾಗಿತ್ತು.

"ರಾತ್ರಿ ಎಲ್ಲಿ ಮಲಗ್ತಾರೋ ಅದು ಅವರೂರು. ಟೀಚರ್ ದಿನಾ ಬರ್ತಾರ, ಆದ್ರ ಮಲಗಾಕ ಹೊಸಪೇಟಿಗೆ ಹೋಗ್ತಾರ. ಅದಕ್ಕ ಟೀಚರ್ ಹೊಸಪೇಟಿಯಾಕಿ" ಎಂದಳು ಅಧ್ಯಕ್ಷರ ಮಗಳು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ.

"ನಮ್ಮಪ್ಪ ತೋರಣಗಲ್ಲಿನ ಫ್ಯಾಕ್ಟರಿಗೆ ಹೋಗ್ತಾನ್ರಿ. ವಾರಕ್ಕೊಮ್ಮೆ ಬರ್ತಾನ. ಅಲ್ಲೇ ಮಲಗ್ತಾನ. ಹಂಗಾದ್ರ ನಮ್ಮಪ್ಪ ಈ ಊರಾವ ಅಲ್ಲೇನ್ರಿ?"

ಅವನಿಗೆ ಅಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅಧ್ಯಕ್ಷರ ಮಗಳು ಜಡೆಯ ತುದಿ ಬಾಯಲ್ಲಿಟ್ಟುಕೊಂಡು ಯೋಚಿಸುತ್ತಿದ್ದಳು. ಗಂಟೆ ಬಾರಿಸಿದರೂ ಅಲುಗಲಿಲ್ಲ. ಕಡೆಗೆ ಅವಳೇ ಹೇಳಿದಳು, "ನಮ್ಮ ಬೋರಿನ ನೀರು ಕುಡಿಯೋರೆಲ್ಲಾ ನಮ್ಮೂರವರು ಅನ್ನೋಣ್ರಿ. ಇವರಪ್ಪನೂ ಬಂದಾಗ ಕುಡೀತಾನ."

"ಶೆಡ್ಡಿನವರು?" ಎಂದೆ.

"ಅವರೂ ಬೋರಿಗೇ ಬರ್ತಾರ." ಅವಳೇ ಸೇರಿಸಿದಳು, "ಎಲ್ಲಾರದೂ ತುಂಬಿದ ಮ್ಯಾಲೆ ಬಿಡ್ತಾರ ಅವರನ್ನ."

ಆವತ್ತು ಕೈ ಎತ್ತಿಸಿದೆ. ಒಂದಿಬ್ಬರನ್ನು ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ಪ್ರತಿ ಓಣಿಯಿಂದ ಬೋರಿಗೆ ಎಷ್ಟು ಹಗ್ಗ ದೂರ ಎಂಬುದನ್ನೂ ನಕ್ಷೆಯಲ್ಲಿ ಬರೆಯಬೇಕು ಎಂದು ಅವರೇ ಗೊತ್ತು ಮಾಡಿದರು.

ಹಗ್ಗ ಹೊತ್ತು ಶೆಡ್ಡಿನ ಕಡೆ ಹೊರಟವರನ್ನು ಮೇಸ್ತ್ರಿ ದಾರಿಯಲ್ಲೇ ತಡೆದ. ಕೂಲಿಯವರನ್ನು ಕರೆತಂದು ನೋಡಿಕೊಳ್ಳುತ್ತಿದ್ದವನು ಅವನು. ಅಳತೆ ಎಂದರೆ ಆ ವರ್ಷಗಳಲ್ಲಿ ಎಲ್ಲರೂ ಬೆಚ್ಚುತ್ತಿದ್ದರು. ಗಣಿಯ ಗಡಿ ಎಲ್ಲಿ, ಗುಂಡಿ ಎಲ್ಲಿ ಎಂಬ ತಕರಾರುಗಳ ಕಾಲ.

"ಸರ್ವೇ ಏನ್ರಿ ಮೇಡಂ? ಯಾರ್ ಕಳ್ಸ್ಯಾರ?"

"ಯಾರೂ ಕಳ್ಸಿಲ್ರಿ. ಮಕ್ಕಳ ಪಾಠ."

"ಶಾಲಿ ಪಾಠ ಶಾಲ್ಯಾಗ ಮಾಡ್ರಿ. ಇಲ್ಲಿ ಹಗ್ಗ ಹಿಡಿಯಂಗಿಲ್ಲ." ಅವನ ದನಿ ಏರಿತು. ಚಿಕ್ಕವರು ನನ್ನ ಸೀರೆ ಹಿಡಿದುಕೊಂಡರು. ಹಿಂದಿರುಗಿದೆವು. ಹಗ್ಗ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು.

ಹೆಡ್ ಮಾಸ್ತರರಿಗೆ ನಡೆದದ್ದನ್ನು ಹೇಳಿದೆ. ಬೈಗುಳಕ್ಕೆ ಕಾದಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗ್ರಿಗೆ ಬೈದ್ನೇನ್ರಿ?"

"ದನಿ ಏರಿಸಿದ, ಸರ್."

ಮರುದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಮೊದಲ ಗಂಟೆ ಮುಗಿದ ಕೂಡಲೇ ಆರನೇ ತರಗತಿಯ ಬಾಗಿಲಲ್ಲಿ ನಿಂತು, "ಹಗ್ಗ ತಗೊಳ್ರಿ, ನಡೀರಿ" ಎಂದರು. ಮುಂದೆ ಅವರು, ಹಿಂದೆ ಸಾಲಾಗಿ ಮಕ್ಕಳು, ಕೊನೆಯಲ್ಲಿ ನಾನು. ಲಾರಿಗಳು ದಾಟಿ ಹೋಗುವಾಗೆಲ್ಲ ಕೈ ಅಡ್ಡ ಹಿಡಿದು ಸಾಲನ್ನು ನಿಲ್ಲಿಸುತ್ತಿದ್ದರು. ಮೇಸ್ತ್ರಿ ಅವರನ್ನು ಕಂಡು ಬೀಡಿ ಬಿಸಾಡಿದ.

"ನಮಸ್ಕಾರ್ರಿ ಮಾಸ್ತರ. ನೀವ್ಯಾಕ ಬರಾಕ ಹೋದ್ರಿ..."

"ಅಳತಿ ಪಾಠ ಐತಪಾ. ನಿಮ್ಮ ಗಣಿ ಅಳಿಯಾಕ ಬಂದಿಲ್ಲ. ನಮ್ಮ ಶಾಲಿ ಮಕ್ಕಳ ಮನಿ ಎಲ್ಲಿ ಅದಾವಂತ ನೋಡಾಕ ಬಂದೀವಿ. ನೋಡಬಾರ್ದೇನ್?"

"ಅಯ್ಯ, ಹಂಗೇನಿಲ್ರಿ..."

"ಹಂಗಾದ್ರ ಹಗ್ಗದ ಈ ತುದಿ ಸ್ವಲ್ಪ ಹಿಡಿ" ಎಂದು ಹೆಡ್ ಮಾಸ್ತರರು ಅವನ ಕೈಗೇ ಹಗ್ಗ ಕೊಟ್ಟರು. ಮಕ್ಕಳು ಕಿಸಕ್ಕನೆ ನಕ್ಕರು. ಮೇಸ್ತ್ರಿಯೂ ನಕ್ಕುಬಿಟ್ಟ. ಆ ಗಳಿಗೆಗಾಗಿ ನಾನು ಆ ಹಿರಿಯರಿಗೆ ಇವತ್ತಿಗೂ ಕೃತಜ್ಞಳು. ನಿವೃತ್ತಿಯ ಅಂಚಿನಲ್ಲಿ ಯಾರನ್ನೂ ಎದುರು ಹಾಕಿಕೊಳ್ಳಬಾರದೆಂದು ಬದುಕುತ್ತಿದ್ದವರು, ಮಕ್ಕಳ ಮುಂದೆ ಯಾರೋ ದನಿ ಏರಿಸಿದರು ಎಂಬ ಒಂದೇ ಕಾರಣಕ್ಕೆ ಬಿಸಿಲಲ್ಲಿ ನಡೆದು ಬಂದಿದ್ದರು.

ಶೆಡ್ಡುಗಳ ನಡುವಿನ ಸಂದಿಗಳು ನಮಗೆ ತಿಳಿಯಲಿಲ್ಲ. ಎಲ್ಲಿ ಹೊಕ್ಕರೆ ಎಲ್ಲಿ ಹೊರಬರುತ್ತೇವೋ ಗೊತ್ತಾಗದೆ ಅಧ್ಯಕ್ಷರ ಮಗಳು ಒಂದು ತಾಡಪತ್ರಿಯ ಮುಂದೆ ನಿಂತುಬಿಟ್ಟಳು. ಅಲ್ಲಿಂದ ಶೆಡ್ಡಿನ ಹುಡುಗಿ ಹೊರಗೆ ಬಂದಳು. ಕೈ ಮೊಣಕೈವರೆಗೆ ಕೆಂಪು. ಅವಳ ತಾಯಿಯೂ ಕೆಲಸದಿಂದ ಆಗ ತಾನೇ ಊಟಕ್ಕೆ ಬಂದಿದ್ದರು.

ಅಧ್ಯಕ್ಷರ ಮಗಳು ಹಗ್ಗದ ತುದಿಯನ್ನು ಅವಳ ಕಡೆ ಚಾಚಿದಳು. "ನಿಮ್ಮ ಕಡೆದು ನಮಗ ಗೊತ್ತಾಗವಲ್ದು. ನೀನ ಹೇಳ್ಲೇ."

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಹೆಡ್ ಮಾಸ್ತರರನ್ನು ನೋಡಿದರು, ಆಮೇಲೆ ನನ್ನನ್ನು. "ಹೋಗವ್ವ" ಎಂದರು.

ಅವಳು ಹಗ್ಗ ಹಿಡಿದು ಓಡಿದ ವೇಗಕ್ಕೆ ನಮ್ಮ ಗುಂಪು ಎರಡು ಸಲ ದಾರಿ ತಪ್ಪಿತು. ಶೆಡ್ಡುಗಳಿಂದ ಬೋರಿನ ತನಕ ಅಳೆಯುವಾಗ ಮಾತ್ರ ಎಲ್ಲರೂ ಸುಸ್ತಾದರು. ಮಕ್ಕಳು ಖಾಲಿ ಕೈಯಲ್ಲಿ ನಡೆದಿದ್ದರು. ಆ ದಾರಿಯಲ್ಲಿ ಅವಳು ದಿನಾ ಕೊಡ ಹೊತ್ತು ನಡೆಯುತ್ತಿದ್ದಳು ಎಂದು ನಾನು ಹೇಳಬೇಕಾಗಲಿಲ್ಲ. ಬೋರಿನ ಕಟ್ಟೆಯ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದ ಒಬ್ಬ ಅವಳನ್ನೇ ಕೇಳಿದ: "ದಿನಾ ಎಷ್ಟ್ ಸಲ ಬರ್ತೀಲೇ?"

ಸೋಮವಾರ ಅವಳು ಶಾಲೆಗೆ ಬಂದಳು. ನಕ್ಷೆಯನ್ನು ಇಳಿಸಿ ಗುಡ್ಡದ ಕಡೆಯ ಅಂಚಿಗೆ ಹೊಸ ಶೀಟು ಅಂಟಿಸಿದೆವು. ಮೈದಾ ಅಂಟು ಒಣಗಿದಾಗ ಆ ಜಾಗ ಸುಕ್ಕಾಗಿ ಉಬ್ಬಿತು. ಮತ್ತೆ ಅಂದವಾಗಿ ಮಾಡೋಣವೇ ಎಂದರೆ ಯಾರೂ ಒಪ್ಪಲಿಲ್ಲ. ಶೆಡ್ಡುಗಳ ಚೌಕಗಳನ್ನು ಅವಳು ಮತ್ತು ಅಧ್ಯಕ್ಷರ ಮಗಳು ಮೊಣಕಾಲೂರಿ ಕುಳಿತು ಬರೆದರು.

ಪಾಲಕರ ಸಭೆ ದಸರಾ ರಜೆ ಮುಗಿದ ಮೇಲೆ ನಡೆಯಿತು. ಅಧ್ಯಕ್ಷರು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಹೆಗಲ ಮೇಲೆ ಟವೆಲು, ಗಂಭೀರ ಮುಖ. ಶೆಡ್ಡಿನಿಂದ ಹುಡುಗಿಯ ತಾಯಿಯೂ ಬಂದು ಬಾಗಿಲ ಹೊರಗೆ ನಿಂತಿದ್ದರು. ಹೆಡ್ ಮಾಸ್ತರರು ಹೋಗಿ ಅವರನ್ನು ಒಳಗೆ ಕರೆದರು. ನಕ್ಷೆ ವಿವರಿಸಲು ಎದ್ದವಳು ಅಧ್ಯಕ್ಷರ ಮಗಳೇ. ದಿಕ್ಕು ಹೇಳಿದಳು, ಗುರುತು ಹೇಳಿದಳು. ನೀರಿನ ಮಾತಿಗೆ ಬಂದಾಗ ಅಪ್ಪನ ಕಡೆಗೇ ತಿರುಗಿದಳು.

"ನಮ್ಮ ಮನಿಯಿಂದ ಬೋರಿಗೆ ಅರ್ಧ ಹಗ್ಗ. ಶೆಡ್ಡಿಂದ ಅಳದು ಅಳದು ನಮಗ ಸಾಕಾತು. ಅಷ್ಟು ದೂರದಿಂದ ಬಂದ್ರೂ ಅವರನ್ನ ಕಡೀಗೆ ಬಿಡ್ತಾರ. ಅಪ್ಪಾ, ಅದು ನಮ್ಮ ಹೊಲ ಅಲ್ಲೇನ್? ನಮ್ಮ ಹೊಲದಾಗ ಇರೋರು ನಮ್ಮೂರವರು ಅಲ್ಲಂದ್ರ ಹೆಂಗ?"

ಅಧ್ಯಕ್ಷರು ಎದ್ದು ನಕ್ಷೆಯ ಹತ್ತಿರ ಹೋದರು. ಸುಕ್ಕಾದ ಶೀಟಿನ ಮೇಲೆ ಬೆರಳಿಟ್ಟು ಚೌಕಗಳನ್ನು ಎಣಿಸಿದರು. "ಇಷ್ಟು ಮನಿ ಆಗ್ಯಾವೇನ್ರಿ?" ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು. ಆಮೇಲೆ ಮಗಳ ಕಡೆ ತಿರುಗಿ, "ಭಾಳ ಮಾತು ಕಲಿಸ್ಯಾರ ನಿನಗ" ಎಂದರು. ಆದರೆ ಅವರ ಕೈ ಅವಳ ತಲೆಯ ಮೇಲಿತ್ತು. ಶೆಡ್ಡಿನ ಹತ್ತಿರ ಒಂದು ಪ್ಲಾಸ್ಟಿಕ್ ಟ್ಯಾಂಕು ಇರಿಸಲು ಪಂಚಾಯಿತಿಯಲ್ಲಿ ಮಾತಾಡುತ್ತೇನೆ ಎಂದರು. ಟ್ಯಾಂಕು ಬರಲು ಬೇಸಿಗೆಯೇ ಆಯಿತು. ಬಂದ ಮೇಲೂ ಕರೆಂಟು ಇಲ್ಲದ ದಿನ ನೀರಿಲ್ಲ. ಆದರೂ ಬಂತು.

ಸಭೆ ಮುಗಿದು ಜನ ಚಹಾ ಕುಡಿಯುತ್ತಿದ್ದಾಗ ಶೆಡ್ಡಿನ ಹುಡುಗಿಯ ತಾಯಿ ಸೆರಗಿನಿಂದ ಕೈ ಒರೆಸಿಕೊಂಡು ನಕ್ಷೆಯ ಮುಂದೆ ಬಂದರು. ಮಗಳು ತಮ್ಮ ಚೌಕ ತೋರಿಸಿದಳು. "ನಮ್ಮೂರು ಎಲ್ಲೈತಿ ಇದ್ರಾಗ?" ಎಂದು ತಾಯಿ ಕೇಳಿದರು.

"ಇದು ಈ ಊರಿಂದಷ್ಟ ಐತವ್ವಾ. ನಮ್ಮೂರು ದೊಡ್ಡ ನಕ್ಷೆದಾಗ ಬರತೈತಿ."

ಹೆಡ್ ಮಾಸ್ತರರು ಬೀರುವಿನಿಂದ ಕರ್ನಾಟಕದ ಮೇಣಬಟ್ಟೆಯ ನಕ್ಷೆ ತಂದು ಬಿಚ್ಚಿದರು. ಅವರ ಊರಿನ ಹೆಸರು ಅದರಲ್ಲಿರಲಿಲ್ಲ, ಸಣ್ಣ ಊರು. ಹುಡುಗಿ ಎದೆಗುಂದಲಿಲ್ಲ. "ಲಾರಿಯಾಗ ಬರುವಾಗ ಕಂಪ್ಲಿ ಹತ್ರ ಸೇತುವೆ ದಾಟಿದ್ವಿ. ಅದು ತುಂಗಭದ್ರಾ" ಎಂದು ನೀಲಿ ಗೆರೆಯ ಮೇಲೆ ಬೆರಳಿಟ್ಟಳು. "ಅದರ ಉತ್ತರಕ್ಕ ಬಂದ್ರ ಸಿಂಧನೂರು. ನಮ್ಮ ಹೊಲದಾಗ ನಿಂತ್ರ ಕೃಷ್ಣಾ ಹೊಳಿ ಉತ್ತರಕ್ಕ ಕಾಣತಿತ್ತು. ದೇವದುರ್ಗ ಸಂತಿಗೆ ಹೋಗಾಕ ಹೊಳಿಗೆ ಬೆನ್ನು ಮಾಡಿ ನಡೀತಿದ್ವಿ. ಹಂಗಾದ್ರ ದೇವದುರ್ಗಕ್ಕೂ ಹೊಳಿಗೂ ನಡುವ." ಅವಳ ಬೆರಳು ದೇವದುರ್ಗದಿಂದ ತುಸು ಮೇಲೆ, ಕೃಷ್ಣೆಯ ಕೆಳಗೆ ನಿಂತಿತು. "ಇಲ್ಲಿ."

ನನಗೆ ಮುಂದಿನ ವಾರದ ಇತಿಹಾಸ ಪಾಠ ನೆನಪಾಯಿತು. ಈ ಎರಡು ಹೊಳೆಗಳ ನಡುವಿನ ಸೀಮೆಗಾಗಿಯೇ ಹಂಪಿಯಿಂದ ಆಳಿದ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು ಎಂದು ಹೇಳಿದೆ.

ಹುಡುಗಿ ಬೆರಳು ತೆಗೆಯದೆ ತಿರುಗಿ ನೋಡಿದಳು. "ನಮ್ಮೂರಿಗ್ರಿ? ರಾಜರು?"

ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಗೆದ್ದಾವ ಅಲ್ಲೇ ಇದ್ದು ಬಿತ್ತಬೇಕಿತ್ತಲ್ರಿ ಅಕ್ಕೋರ!" ಅಧ್ಯಕ್ಷರ ಕೈಯಲ್ಲಿನ ಚಹಾ ತುಳುಕಿತು. ಅವರು ಹಾಗೆ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಹುಡುಗಿ ತನ್ನ ಹಣೆಯ ಅಂಟುವ ಟಿಕಳಿ ತೆಗೆದು ಬೆರಳಿಟ್ಟಿದ್ದ ಜಾಗದಲ್ಲಿ ಅಂಟಿಸಿದಳು. ಹೆಡ್ ಮಾಸ್ತರರು ಸರ್ಕಾರಿ ನಕ್ಷೆ ಹಾಳಾಯಿತೆಂದು ಗದರುತ್ತಾರೇನೋ ಎಂದು ನೋಡಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಅದು ನೇರವಾಗಿ ಅಂಟಿದೆಯೇ ಎಂದು ನೋಡುತ್ತಿದ್ದರು.

ಮರುದಿನ ತರಗತಿಗೆ ಹೋದರೆ ಎಲ್ಲ ಹುಡುಗಿಯರ ಕೈಯಲ್ಲೂ ಟಿಕಳಿಯ ಹಾಳೆ. ಹುಡುಗರು ಅಕ್ಕಂದಿರದ್ದನ್ನು ಕೇಳಿ ತಂದಿದ್ದರು. ಎಲ್ಲರಿಗೂ ತಮ್ಮ ಅವ್ವನ ತವರು ನಕ್ಷೆಯಲ್ಲಿ ಬೇಕಿತ್ತು. ಆ ದಿನದ ಪಾಠ ಅದೇ ಆಯಿತು. ಕೂಡ್ಲಿಗಿ, ಕಂಪ್ಲಿ, ರಾಯದುರ್ಗದ ಕಡೆ, ಹಗರಿಬೊಮ್ಮನಹಳ್ಳಿ. ಹೆಸರಿಲ್ಲದ ಊರುಗಳಿಗೆ ಹೊಳೆ, ರೈಲು ಹಳಿ, ದೊಡ್ಡ ಊರು ಹಿಡಿದು ಜಾಗ ಹುಡುಕಿದರು. ತಪ್ಪಿದಾಗ ಶೆಡ್ಡಿನ ಹುಡುಗಿಯನ್ನು ಕರೆಯುತ್ತಿದ್ದರು. ನನ್ನ ಅವ್ವನ ತವರು ಹಂಪಿಯ ಹತ್ತಿರದ ಬಾಳೆತೋಟದ ಊರು. ಅದಕ್ಕೂ ಒಂದು ಹಸಿರು ಟಿಕಳಿ ಬಿತ್ತು.

ಅಧ್ಯಕ್ಷರ ಮಗಳು ಹಿಂದೆ ಸರಿದು ಒಟ್ಟು ನಕ್ಷೆಯನ್ನು ನೋಡಿದಳು. "ಟೀಚರ್! ಯಾರವ್ವನೂ ಈ ಊರಾಕಿ ಅಲ್ರಿ!"

ಅದು ಪೂರ್ತಿ ನಿಜವಾಗಿರಲಿಲ್ಲ. ಲಾರಿ ಡ್ರೈವರನ ಮಗ ಮೂಲೆಯಲ್ಲಿ ಟಿಕಳಿ ಹಿಡಿದು ನಿಂತೇ ಇದ್ದ. "ನಮ್ಮವ್ವ ಇಲ್ಲೇ ಹುಟ್ಯಾಳ್ರಿ. ಆದ್ರ ನಮ್ಮೂರ ಹೆಸರು ಇದ್ರಾಗ ಇಲ್ರಿ."

ಹೌದು, ಇರಲಿಲ್ಲ. ಅಲ್ಲಿಯವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ.

ಶೆಡ್ಡಿನ ಹುಡುಗಿ ಏಳನೇ ತರಗತಿ ಮುಗಿಸುವವರೆಗೂ ನಮ್ಮ ಶಾಲೆಯಲ್ಲಿದ್ದಳು. ಆಮೇಲೆ ಆ ಸಂಸಾರ ಬೇರೆ ಕೆಲಸ ಹುಡುಕಿ ಹೋಯಿತು, ಎಲ್ಲಿಗೆಂದು ನನಗೆ ತಿಳಿಯಲಿಲ್ಲ. ಅವಳು ಎಲ್ಲಿದ್ದರೂ ದಾರಿ ತಪ್ಪುವವಳಲ್ಲ ಎಂಬ ಧೈರ್ಯ ನನಗಿದೆ. ಆ ಧೈರ್ಯ ಬಂದದ್ದು ಟಿಕಳಿಯ ಆ ಬೆಳಿಗ್ಗೆಯೇ. ಅವಳು ಲಾರಿ ಡ್ರೈವರನ ಮಗನ ಕೈಯಿಂದ ಟಿಕಳಿ ತೆಗೆದುಕೊಂಡಳು. ಸಂಡೂರಿನ ಮೇಲೆ ಒಂದು ಬೆರಳು, ಬಂಡ್ರಿ ಇರಬೇಕಾದ ಕಡೆಗೆ ಇನ್ನೊಂದು ಬೆರಳು ಇಟ್ಟಳು. ಕಣ್ಣು ಕಿರಿದು ಮಾಡಿ ಅಂತರವನ್ನು ಅಳೆದಳು. ಆಮೇಲೆ ನಮ್ಮೂರನ್ನು ಕರ್ನಾಟಕದ ನಕ್ಷೆಯ ಮೇಲೆ ಅಂಟಿಸಿ, ಬಿದ್ದು ಹೋಗದಂತೆ ಹೆಬ್ಬೆರಳಿನಿಂದ ಒತ್ತಿದಳು.